ಇಪ್ಪತ್ತು ವರ್ಷ ಮನೆಯಲ್ಲಿರಬೇಕಾದ ಸ್ಪೀಕರ್: ಆರಿಸುವುದು ಹೇಗೆ?

"ಒಂದೇ ಸಲ ದುಡ್ಡು ಹಾಕ್ತೀನಿ, ಪದೇ ಪದೇ ಬದಲಾಯಿಸೋಕೆ ಆಗಲ್ಲ. ಯಾವ ಸ್ಪೀಕರ್ ತಗೊಳ್ಳಲಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಎಲ್ಲರಿಗೂ ಬೇಕಿರುವುದು ಒಂದು ಮಾಡೆಲ್ ಹೆಸರು. ಹೆಸರು ಹೇಳಿದರೆ ಅದು ನಿಮ್ಮ ಕೋಣೆಗೆ ಹೊಂದುತ್ತದೋ ಇಲ್ಲವೋ ಗೊತ್ತಿಲ್ಲ, ಎರಡು ವರ್ಷದಲ್ಲಿ ಆ ಮಾಡೆಲ್ ಅಂಗಡಿಯಲ್ಲೂ ಇರುವುದಿಲ್ಲ. ಅದಕ್ಕೇ ಹೆಸರಿನ ಬದಲು ಆರಿಸುವ ಕ್ರಮ ಹೇಳುತ್ತೇನೆ. ಹಾಡು ಕೇಳಲು ಒಂದು ಜೊತೆ ಸ್ಪೀಕರ್, ಅಂದರೆ ಸ್ಟೀರಿಯೋ, ಇಲ್ಲಿನ ವಿಷಯ. ಐದಾರು ಸ್ಪೀಕರ್‌ಗಳ ಹೋಮ್ ಥಿಯೇಟರ್ ಲೆಕ್ಕವೇ ಬೇರೆ, ಅದನ್ನು ಇಲ್ಲಿ ಮುಟ್ಟುವುದಿಲ್ಲ.

ಶುರು ಮಾಡುವ ಮುಂಚೆ ಇಷ್ಟು ಇಟ್ಟುಕೊಳ್ಳಿ: ಅಳತೆ ಟೇಪು, ಒಂದು ನೋಟ್‌ಬುಕ್ಕು, ನಿಮಗೆ ಬಾಯಿಪಾಠವಾಗಿರುವ ಆರೇಳು ಹಾಡು, ಫೋನಿನಲ್ಲಿ ಶಬ್ದದ ಮಟ್ಟ ತೋರಿಸುವ ಒಂದು ಉಚಿತ ಆ್ಯಪ್. ಅರ್ಜೆಂಟ್ ಮಾಡಬೇಡಿ. ಹಬ್ಬದ ಆಫರ್ ಮುಗಿದರೆ ಮುಂದಿನ ಹಬ್ಬಕ್ಕೆ ಇನ್ನೊಂದು ಬರುತ್ತದೆ.

1. ಬೇಗ ಹಳತಾಗುವುದನ್ನು ಪೆಟ್ಟಿಗೆಯಿಂದ ಹೊರಗಿಡಿ

ಸ್ಪೀಕರ್‌ಗಳಲ್ಲಿ ಎರಡು ಬಗೆ. ಪ್ಯಾಸಿವ್ ಸ್ಪೀಕರ್‌ಗೆ ಕರೆಂಟಿನ ಪ್ಲಗ್ ಇರುವುದಿಲ್ಲ. ಹೊರಗಿರುವ ಆಂಪ್ಲಿಫೈಯರ್‌ನಿಂದ ಎರಡೆಳೆ ತಂತಿ ಬಂದು ಅದರ ಬೆನ್ನಿಗೆ ಸೇರುತ್ತದೆ. ಆಕ್ಟಿವ್ ಸ್ಪೀಕರ್‌ನಲ್ಲಿ ಆಂಪ್ಲಿಫೈಯರ್ ಒಳಗೇ ಇರುತ್ತದೆ. ಈಗಿನವುಗಳಲ್ಲಿ ಬ್ಲೂಟೂತ್, ವೈಫೈ, ಆ್ಯಪ್ ಎಲ್ಲವೂ ಒಳಗೇ.

ಬಹಳ ವರ್ಷ ಇಟ್ಟುಕೊಳ್ಳುವುದೇ ಗುರಿಯಾದರೆ ನನ್ನ ಮತ ಪ್ಯಾಸಿವ್‌ಗೆ. ಅದರೊಳಗಿರುವುದು ಮರ, ಅಯಸ್ಕಾಂತ, ತಾಮ್ರದ ಸುರುಳಿ, ಒಂದಷ್ಟು ಕೆಪಾಸಿಟರ್. ಇವು ನಿಧಾನಕ್ಕೆ ಹಳತಾಗುತ್ತವೆ, ಕೆಟ್ಟರೂ ಬಿಡಿಬಿಡಿಯಾಗಿ ರಿಪೇರಿ ಆಗುತ್ತವೆ. ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ 1970ರ ದಶಕದಲ್ಲಿ ರೂಪಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರ್ ಇದೆ. ಆ ಕಾಲದ ಜೋಡಿಗಳನ್ನು ಇವತ್ತಿಗೂ ಜನ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಅಮೆರಿಕದ ಕ್ಲಿಪ್ಶ್ ಕಂಪನಿಯ ಕ್ಲಿಪ್ಶ್‌ಹಾರ್ನ್ 1946ರಿಂದ ಇವತ್ತಿನವರೆಗೂ ತಯಾರಾಗುತ್ತಲೇ ಇದೆ.

ಇದಕ್ಕೆ ಎದುರಾಗಿ ಐಪಾಡ್ ಕೂರಿಸುವ ಡಾಕ್ ಸ್ಪೀಕರ್‌ಗಳನ್ನು ನೆನಪಿಸಿಕೊಳ್ಳಿ. 2012ರಲ್ಲಿ ಆಪಲ್ ತನ್ನ ಹೊಸ ಮಾಡೆಲ್‌ಗಳಲ್ಲಿ, ಡಾಕ್‌ಗೆ ಕೂರುತ್ತಿದ್ದ 30 ಪಿನ್ ಕನೆಕ್ಟರ್ ಬಿಟ್ಟಿತು. ಶಬ್ದ ಚೆನ್ನಾಗಿದ್ದ ಎಷ್ಟೋ ಡಾಕ್‌ಗಳು ಅಟ್ಟ ಸೇರಿದವು. ವೈಫೈ ಸ್ಪೀಕರ್‌ಗೂ ಅದೇ ಅಪಾಯ ಇದೆ. ಕಂಪನಿ ಆ್ಯಪ್‌ಗೆ ಅಪ್‌ಡೇಟ್ ಕೊಡುವುದು ನಿಲ್ಲಿಸಿದ ದಿನ ಅರ್ಧ ಸೌಲಭ್ಯ ಹೋಯಿತು ಅಂತಲೇ ಲೆಕ್ಕ. ಬ್ಲೂಟೂತ್ ಬೇಕೇ ಬೇಕು ಅಂದರೆ ಆಂಪ್ಲಿಫೈಯರ್‌ನಲ್ಲಿ ಇರಲಿ, ಅಥವಾ ಬೇರೆ ಪುಟ್ಟ ರಿಸೀವರ್ ಹಾಕಿಕೊಳ್ಳಿ. ಅದು ಹಳತಾದರೆ ಅದನ್ನಷ್ಟೇ ಬದಲಾಯಿಸಿದರೆ ಸಾಕು.

ಆಕ್ಟಿವ್ ಕೆಟ್ಟದ್ದು ಅಂತ ಅಲ್ಲ. ಜಾಗ ಕಮ್ಮಿ, ಮೇಜಿನ ಮೇಲೆ ಇಡಬೇಕು ಅನ್ನುವವರಿಗೆ ಅದೇ ಸರಿ. ಆಗ ಮಾಮೂಲಿ ವೈರ್ ಸಿಕ್ಕಿಸುವ ಅನಲಾಗ್ ಇನ್‌ಪುಟ್ ಇರುವುದನ್ನೇ ನೋಡಿ. ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸುವುದಾದರೆ ಬೆನ್ನ ಮೇಲೆ 100-240 ವೋಲ್ಟ್ ಅಂತ ಬರೆದಿದೆಯಾ ಮೊದಲು ಕೇಳಿ. ಬರೀ 120 ವೋಲ್ಟ್ ಇದ್ದರೆ ನಮ್ಮ 230 ವೋಲ್ಟಿಗೆ ನೇರವಾಗಿ ಹಾಕಿದ ಕೂಡಲೇ ಸುಟ್ಟು ಹೋಗುತ್ತದೆ. ಪ್ಯಾಸಿವ್ ಸ್ಪೀಕರ್‌ಗೆ ಈ ತಾಪತ್ರಯವೇ ಇಲ್ಲ.

2. ಅಂಗಡಿಗೆ ಹೋಗುವ ಮುಂಚೆ ಕೋಣೆ ಅಳೆಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಉದ್ದ, ಅಗಲ, ಎತ್ತರ ಅಳೆದು ಬರೆದುಕೊಳ್ಳಿ. ನೀವು ಕೂರುವ ಜಾಗ, ಸ್ಪೀಕರ್ ಇಡಬಹುದಾದ ಜಾಗ, ನಡುವಿನ ದೂರ ಇವನ್ನೂ ಗುರುತು ಹಾಕಿ.

ನಮ್ಮ ಮನೆಗಳದ್ದು ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕ್ ಗೋಡೆ, ಮೇಲೆ ಕಾಂಕ್ರೀಟ್ ಚಾವಣಿ, ಕೆಳಗೆ ಟೈಲ್ಸ್ ಅಥವಾ ಗ್ರಾನೈಟ್. ಅಮೆರಿಕದ ವಿಮರ್ಶಕರು ಕೇಳುವುದು ಹೆಚ್ಚಾಗಿ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದ ಗೋಡೆಗಳ ಮನೆಯಲ್ಲಿ, ಕೆಳಗೆ ಕಾರ್ಪೆಟ್. ಅಂಥ ಗೋಡೆ ತಗ್ಗಿನ ದನಿಯನ್ನು ಸ್ವಲ್ಪ ಹೊರಕ್ಕೆ ಬಿಡುತ್ತದೆ, ಸ್ವಲ್ಪ ಹೀರಿಕೊಳ್ಳುತ್ತದೆ. ನಮ್ಮ ಗೋಡೆ ಅದನ್ನು ಬಹುಪಾಲು ಒಳಗೇ ಹಿಡಿದಿಡುತ್ತದೆ. ಅಲ್ಲಿ "ಬೇಸ್ ಸ್ವಲ್ಪ ಕಮ್ಮಿ" ಅನಿಸಿಕೊಂಡ ಸ್ಪೀಕರ್ ಇಲ್ಲಿ ಸರಿಯಾಗಿ ಕೂರಬಹುದು. ಅಲ್ಲಿ "ಭರ್ಜರಿ ಬೇಸ್" ಅನಿಸಿಕೊಂಡದ್ದು ಇಲ್ಲಿ ಬರೀ ಗುಂಯ್ ಅನ್ನಬಹುದು.

ಯಾಕೆ ಅಂತ ಒಂದು ಲೆಕ್ಕ ನೋಡಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹನ್ನೆರಡು ಅಡಿ ಅಂದರೆ 3.66 ಮೀಟರ್. ಅದರ ಎರಡರಷ್ಟರಿಂದ 343ನ್ನು ಭಾಗಿಸಿದರೆ ಸುಮಾರು 47 ಬರುತ್ತದೆ. ಅಂದರೆ 12 ಅಡಿ ಉದ್ದದ ಕೋಣೆ 47 ಹರ್ಟ್ಸ್ (ಸೆಕೆಂಡಿಗೆ 47 ಕಂಪನ) ಹತ್ತಿರದ ತಗ್ಗಿನ ದನಿಯನ್ನು ತಾನಾಗಿಯೇ ಎತ್ತಿ ಕೊಡುತ್ತದೆ. ಅಗಲ 10 ಅಡಿ ಇದ್ದರೆ ಇನ್ನೊಂದು ಉಬ್ಬು 56 ಹರ್ಟ್ಸ್ ಆಸುಪಾಸಿನಲ್ಲಿ. ಉದ್ದ ಅಗಲ ಎರಡೂ ಒಂದೇ ಆದರೆ ಎರಡು ಉಬ್ಬು ಒಂದರ ಮೇಲೊಂದು ಕೂರುತ್ತವೆ. ಚೌಕ ಕೋಣೆಯಲ್ಲಿ ಹಾಡು ಕೇಳುವವರು ಇದನ್ನು ಗಮನಿಸಿರುತ್ತೀರಿ.

10x12 ಅಡಿಯ ಕೋಣೆಗೆ 5ರಿಂದ 6.5 ಇಂಚಿನ ವೂಫರ್ (ತಗ್ಗಿನ ದನಿ ಹೊರಡಿಸುವ ದೊಡ್ಡ ಕೋನ್) ಇರುವ ಬುಕ್‌ಶೆಲ್ಫ್ ಸ್ಪೀಕರ್ ಧಾರಾಳ ಸಾಕು. ನೆಲದ ಮೇಲೆ ನಿಲ್ಲುವ ಟವರ್ ಸ್ಪೀಕರ್ ಆಸೆ ಇದ್ದರೆ 14x18 ಅಡಿಗಿಂತ ದೊಡ್ಡ ಹಾಲ್ ಇರಲಿ. ಹೆಸರಲ್ಲಿ ಬುಕ್‌ಶೆಲ್ಫ್ ಅಂತಿದ್ದರೂ ಪುಸ್ತಕದ ಕಪಾಟಿನೊಳಗೆ ತುರುಕಬೇಡಿ. ಸ್ಟ್ಯಾಂಡ್ ಬೇಕು. ಅದರ ಖರ್ಚನ್ನೂ ಬಜೆಟ್ಟಿನಲ್ಲಿ ಸೇರಿಸಿ.

ಹಿಂದೆ ರಂಧ್ರ ಇರುವ ಮಾಡೆಲ್‌ಗಳ ಬಗ್ಗೆ ಎಚ್ಚರ. ಆ ರಂಧ್ರಕ್ಕೆ ಪೋರ್ಟ್ ಅಂತಾರೆ, ತಗ್ಗಿನ ದನಿಗೆ ಬಲ ಕೊಡುತ್ತದೆ. ಸ್ಪೀಕರನ್ನು ಗೋಡೆಗೆ ಒತ್ತಿಯೇ ಇಡಬೇಕಾದ ಮನೆಯಾದರೆ ಮುಂದೆ ಪೋರ್ಟ್ ಇರುವುದು ಅಥವಾ ಪೋರ್ಟೇ ಇಲ್ಲದ್ದು ಹುಡುಕಿ. ಆಮೇಲೂ ಬೇಸ್ ಜಾಸ್ತಿ ಅನಿಸಿದರೆ ಒಂದು ಹಳೇ ಸಾಕ್ಸ್ ಮಡಚಿ ಪೋರ್ಟಿಗೆ ತುರುಕಿ ನೋಡಿ. ತಮಾಷೆ ಅಲ್ಲ. ಕೆಲವು ಕಂಪನಿಗಳು ಇದೇ ಕೆಲಸಕ್ಕೆ ಸ್ಪಂಜಿನ ಬಿರಡೆ ಕೊಡುತ್ತವೆ.

3. ಕಾಗದದ ಮೇಲಿನ ಅಂಕಿಗಳಲ್ಲಿ ಯಾವುದನ್ನು ನೋಡಬೇಕು

ವಾಟ್ ಅನ್ನು ಕಡೆಗೆ ನೋಡಿ. ತೊಂಬತ್ತರ ದಶಕದ ಟೂ-ಇನ್-ಒನ್‌ಗಳ ಮೇಲೆ "1000 ವಾಟ್ ಪಿಎಂಪಿಒ" ಅಂತ ಮಿರಮಿರ ಮಿಂಚುತ್ತಿತ್ತು ಅಲ್ವಾ? ಅದು ಕಣ್ಣು ಮಿಟುಕಿಸುವಷ್ಟೂ ಉಳಿಯದ ಗರಿಷ್ಠ ಶಕ್ತಿಯ ಜಾಹೀರಾತು ಲೆಕ್ಕ. ನಿರಂತರವಾಗಿ ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಆರ್‌ಎಂಎಸ್ ಅಂಕಿ ನೋಡಬೇಕು.

ಮುಖ್ಯವಾದದ್ದು ಸೆನ್ಸಿಟಿವಿಟಿ. ಇಂತಿಷ್ಟು ವಿದ್ಯುತ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಜೋರು ಕೇಳುತ್ತದೆ ಅನ್ನುವ ಅಳತೆ ಅದು, ಡೆಸಿಬೆಲ್‌ನಲ್ಲಿ. ಪ್ರತಿ 3 ಡೆಸಿಬೆಲ್ ಕಮ್ಮಿಗೆ ಅಷ್ಟೇ ಜೋರು ಬರಲು ಎರಡರಷ್ಟು ಶಕ್ತಿ ಬೇಕು. 90ರ ಸ್ಪೀಕರ್‌ಗೆ 20 ವಾಟ್ ಸಾಕಾಗುವ ಕಡೆ 84ರದ್ದಕ್ಕೆ 80 ವಾಟ್ ಬೇಕಾಗುತ್ತದೆ. ಮೇಲೆ ಹೇಳಿದ ಬಿಬಿಸಿ ಸ್ಪೀಕರ್‌ನದ್ದು ಸುಮಾರು 83. ಅದಕ್ಕೇ ಅದು ಸಣ್ಣ ಕೋಣೆಯ ಸ್ಪೀಕರ್ ಆಗಿಯೇ ಉಳಿಯಿತು. ಸಾಮಾನ್ಯ ಮನೆಗೆ 86ರಿಂದ 90ರ ನಡುವೆ ಇದ್ದರೆ ಆರಾಮು.

ಇನ್ನೊಂದು ಇಂಪಿಡೆನ್ಸ್, ಅಂದರೆ ಆಂಪ್ಲಿಫೈಯರ್‌ಗೆ ಸ್ಪೀಕರ್ ಒಡ್ಡುವ ತಡೆ. 8 ಓಮ್‌ನದ್ದು ಸೌಮ್ಯ. 4 ಓಮ್‌ನದ್ದು ಎರಡರಷ್ಟು ಕರೆಂಟ್ ಎಳೆಯುತ್ತದೆ, ಅಗ್ಗದ ಆಂಪ್ಲಿಫೈಯರ್ ಬಿಸಿಯಾಗಿ ತಾನೇ ಆಫ್ ಆಗುತ್ತದೆ. ಮುಂದೆ ಯಾವ ಆಂಪ್ಲಿಫೈಯರ್ ಬಂದರೂ ಹೊಂದಬೇಕು ಅನ್ನುವವರು 8 ಅಥವಾ 6 ಓಮ್ ಹಿಡಿಯಿರಿ.

"40 ಹರ್ಟ್ಸ್‌ನಿಂದ 20,000 ಹರ್ಟ್ಸ್" ಅಂತ ಬರೆದಿದ್ದರೆ ಪಕ್ಕದಲ್ಲಿ "ಪ್ಲಸ್ ಅಥವಾ ಮೈನಸ್ 3 ಡೆಸಿಬೆಲ್" ಅಂತ ಇದೆಯಾ ನೋಡಿ. ಆ ವ್ಯಾಪ್ತಿಯೊಳಗೆ ಜೋರು ಅಷ್ಟಕ್ಕಿಂತ ಹೆಚ್ಚು ಏರಿಳಿಯುವುದಿಲ್ಲ ಅಂತ ಅದರ ಅರ್ಥ. ಇಲ್ಲದಿದ್ದರೆ ಆ ಅಂಕಿಗೆ ಬೆಲೆ ಇಲ್ಲ.

ತಗ್ಗಿನಿಂದ ಏರಿನವರೆಗೆ ಯಾವ ದನಿ ಎಷ್ಟು ಜೋರು ಬರುತ್ತದೆ ಅಂತ ಸ್ವತಂತ್ರವಾಗಿ ಯಾರಾದರೂ ಅಳೆದ ಗ್ರಾಫ್ ಸಿಕ್ಕರೆ ಇನ್ನೂ ಒಳ್ಳೆಯದು. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ, ಆಮೇಲೆ ಸ್ಪೀಕರ್ ತಯಾರಿಸುವ ಹರ್ಮನ್ ಕಂಪನಿಯಲ್ಲಿ ಕೆಲಸ ಮಾಡಿದ ಫ್ಲಾಯ್ಡ್ ಟೂಲ್ ಪರದೆ ಕಟ್ಟಿ, ಯಾವ ಸ್ಪೀಕರ್ ಅಂತ ಹೇಳದೆ ಜನರಿಗೆ ಕೇಳಿಸಿದರು. ಬೆಲೆ, ಹೆಸರು ಕಾಣದಿದ್ದಾಗ ಬಹುಪಾಲು ಜನರ ಆಯ್ಕೆ ಒಂದೇ ದಿಕ್ಕಿಗೆ ಬಂತು: ನೇರ ಮುಂದೆ ಅಳೆದಾಗ ಗೆರೆ ಸಪಾಟಾಗಿರುವ, ಪಕ್ಕದಿಂದ ಅಳೆದಾಗ ಗೆರೆ ನುಣುಪಾಗಿ ಇಳಿಯುವ ಸ್ಪೀಕರ್. ಈಗ ಸಿಗುವ "ಸ್ಪಿನೊರಾಮಾ" ಗ್ರಾಫ್‌ಗಳು ಇದನ್ನೇ ತೋರಿಸುತ್ತವೆ. ಗೆರೆಯಲ್ಲಿ ದೊಡ್ಡ ಗುಡ್ಡ ಕಂಡರೆ ಅಂಥದ್ದನ್ನು ಪಟ್ಟಿಯಿಂದ ಹೊಡೆದುಹಾಕಿ. ಅಂಗಡಿಯಲ್ಲಿ ಚುರುಕಾಗಿ ಕೇಳುವ ಅಂಥ ಗುಡ್ಡವೇ ಮನೆಯಲ್ಲಿ ಆರು ತಿಂಗಳಿಗೆ ಕಿವಿ ಕೊರೆಯಲು ಶುರು ಮಾಡುತ್ತದೆ.

4. ಮೈ ಮುಟ್ಟಿ ನೋಡಿ

ಮುಂದಿನ ಬಲೆ ತೆಗೆಸಿ. ವೂಫರ್ ಕೋನಿನ ಸುತ್ತ ಬಾಗಿದ ಒಂದು ಅಂಚು ಕಾಣುತ್ತದೆ. ಅದಕ್ಕೆ ಸರೌಂಡ್ ಅಂತಾರೆ. ಕೋನ್ ಮುಂದೆ ಹಿಂದೆ ಆಡಲು ಬಿಡುವುದು ಅದೇ. ಆಯುಷ್ಯದ ದೃಷ್ಟಿಯಿಂದ ಇಡೀ ಸ್ಪೀಕರ್‌ನಲ್ಲಿ ನಾನು ಮೊದಲು ನೋಡುವ ಭಾಗ ಇದು.

ಸರೌಂಡ್ ಫೋಮಿನದ್ದಾದರೆ ಹತ್ತು ಹದಿನೈದು ವರ್ಷಕ್ಕೆ ಪುಡಿಯಾಗುತ್ತದೆ. ಕರಾವಳಿ, ಮಲೆನಾಡಿನ ತೇವದಲ್ಲಿ ಇನ್ನೂ ಬೇಗ. ಬೆರಳು ತಾಗಿಸಿದರೆ ಕಪ್ಪು ಅಂಟಂಟಾದ ಪುಡಿ ಕೈಗೆ ಹತ್ತುತ್ತದೆ. ರಬ್ಬರ್ ಸರೌಂಡ್ ಬಹಳ ಹೆಚ್ಚು ಬಾಳುತ್ತದೆ. ರಬ್ಬರ್ ಮೇಲೆ ಬೆರಳಾಡಿಸಿದರೆ ನಯವಾಗಿ, ಸ್ವಲ್ಪ ತಣ್ಣಗೆ ಇರುತ್ತದೆ. ಫೋಮ್ ಸ್ಪಂಜಿನ ಹಾಗೆ ಒಣಗಿದಂತಿರುತ್ತದೆ. ಗೊತ್ತಾಗದಿದ್ದರೆ ಅಂಗಡಿಯವರನ್ನೇ ಕೇಳಿ, ಉತ್ತರ ಸ್ಪಷ್ಟವಾಗಿ ಬರದಿದ್ದರೆ ಕಂಪನಿಗೆ ಬರೆದು ಕೇಳಿ.

ಆಮೇಲೆ ಪೆಟ್ಟಿಗೆ. ಈಗಿನ ಹೆಚ್ಚಿನವು ಎಂಡಿಎಫ್ ಹಲಗೆಯವು. ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ ಇದು. ಶಬ್ದಕ್ಕೆ ಒಳ್ಳೆಯದು, ನೀರಿಗೆ ಶತ್ರು. ಬೆರಳ ಗೆಣ್ಣಿನಿಂದ ಪಕ್ಕಕ್ಕೆ ಕುಟ್ಟಿ ನೋಡಿ. ಟೊಳ್ಳು ಡಬ್ಬದ ಸದ್ದು ಬಂದರೆ ಒಳಗೆ ಆಧಾರಪಟ್ಟಿ ಕಮ್ಮಿ. ಅಂಚಿನಲ್ಲಿ ಹೊದಿಕೆ ಎದ್ದಿದೆಯಾ, ಬೆನ್ನಿನ ತಂತಿ ಸಿಕ್ಕಿಸುವ ತಿರುಪು ಗಟ್ಟಿ ಲೋಹದ್ದಾ ನೋಡಿ.

ಬಿಡಿಭಾಗದ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿ: "ಐದು ವರ್ಷ ಬಿಟ್ಟು ಟ್ವೀಟರ್ ಹೋದರೆ ಅದೊಂದನ್ನೇ ತರಿಸಿಕೊಡ್ತೀರಾ?" ಟ್ವೀಟರ್ ಅಂದರೆ ಏರುದನಿ ಹೊರಡಿಸುವ ಚಿಕ್ಕ ಭಾಗ. ಬಹಳ ವರ್ಷದಿಂದ ಸ್ಪೀಕರ್ ಮಾಡುತ್ತಿರುವ, ಇಲ್ಲಿ ಅಧಿಕೃತ ಆಮದುದಾರರಿರುವ ಕಂಪನಿಗಳಲ್ಲಿ ಇದಕ್ಕೆ ಹೌದು ಅನ್ನುವ ಉತ್ತರ ಸಿಗುವ ಸಂಭವ ಜಾಸ್ತಿ. ನಮ್ಮದೇ ದೇಶದ ಕೋಲ್ಕತ್ತಾದ ಸೋನೋಡೈನ್‌ನಂಥ ಹಳೇ ತಯಾರಕರೂ ಇದ್ದಾರೆ, ಮರೆಯಬೇಡಿ. ಬಿಲ್ಲಿಲ್ಲದೆ "ಅಷ್ಟೇ ಮಾಲು, ಹತ್ತು ಸಾವಿರ ಕಮ್ಮಿ" ಅಂತ ಬರುವ ಸ್ಪೀಕರ್‌ಗೆ ವಾರಂಟಿ ಇರುವುದಿಲ್ಲ.

ಪೆಂಡಾಲ್ ಸೌಂಡ್‌ನವರ ಸ್ಪೀಕರ್ ರಿಪೇರಿ ಮಾಡುವವರು ಸುಮಾರು ಎಲ್ಲ ಊರಲ್ಲೂ ಇದ್ದಾರೆ. ಬೆಂಗಳೂರಾದರೆ ಎಸ್.ಪಿ. ರೋಡ್ ಸುತ್ತಮುತ್ತ ಹುಡುಕಬಹುದು. ಸರಿಯಾದ ಅಳತೆಯ ಸರೌಂಡ್ ಅಂಟಿಸುವ ಕೆಲಸ ಅವರ ಕೈಲಿ ಚೆನ್ನಾಗಿಯೇ ಆಗುತ್ತದೆ. ಕೋನನ್ನೇ ಬದಲಾಯಿಸುತ್ತೇನೆ ಅಂದರೆ ಮಾತ್ರ ಬೇಡ ಅನ್ನಿ. ತೂಕ ಬೇರೆಯಾದರೆ ಸ್ಪೀಕರ್‌ನ ದನಿಯೇ ಬೇರೆಯಾಗುತ್ತದೆ.

5. ನಿಮ್ಮ ಹಾಡು, ನಿಮ್ಮ ಕಿವಿ

ಅಂಗಡಿಯವರ ಡೆಮೊ ಹಾಡು ಕೇಳಿ ತೀರ್ಮಾನ ಮಾಡಬೇಡಿ. ಅದನ್ನು ಆರಿಸಿರುವುದೇ ಮಾಲು ಚೆನ್ನಾಗಿ ಕೇಳಲಿ ಅಂತ. ನಿಮ್ಮ ಪಟ್ಟಿ ತಗೊಂಡು ಹೋಗಿ. ನನ್ನ ಪಟ್ಟಿಯಲ್ಲಿ ಏನಿರುತ್ತದೆ ಹೇಳುತ್ತೇನೆ.

ತಂಬೂರಿ ಇರಲೇಬೇಕು. ಜೀವಾಳದ (ತಂತಿಯ ಕೆಳಗೆ ಸಿಕ್ಕಿಸುವ ನೂಲು) ಆ ಝೇಂಕಾರದಲ್ಲಿ ತಗ್ಗಿನಿಂದ ಏರಿನವರೆಗೆ ಪದರ ಪದರ ಸ್ವರಗಳಿರುತ್ತವೆ. ಒಳ್ಳೆ ಸ್ಪೀಕರ್‌ನಲ್ಲಿ ಅವು ಒಂದರೊಳಗೊಂದು ಸೇರಿ ಹೋಗುತ್ತವೆ. ಟ್ವೀಟರ್ ಒರಟಾಗಿದ್ದರೆ ಮೇಲಿನ ಪದರ ಮಾತ್ರ ಬೇರೆ ಎದ್ದು ಕಿರಿಕಿರಿ ಮಾಡುತ್ತದೆ. ಮೃದಂಗದ ಎಡಗೈ ತೊಪ್ಪಿ ಕೇಳಿ. ಪೆಟ್ಟು ಬಿದ್ದು, ಗುಂ ಅಂದು, ನಿಲ್ಲಬೇಕು. ಮುಂದಿನ ಪೆಟ್ಟಿನವರೆಗೂ ಗುಂಯ್ ಎಳೆದರೆ ಬೇಸ್ ಸಡಿಲ. ಪಿ.ಬಿ. ಶ್ರೀನಿವಾಸರ ಮೆದು ದನಿ ಪೆಟ್ಟಿಗೆಯೊಳಗಿಂದ ಬಂದ ಹಾಗೆ ಕೇಳಬಾರದು. ಎಸ್. ಜಾನಕಿಯವರ ಹಾಡಿನಲ್ಲಿ 'ಸ', 'ಶ' ಅಕ್ಷರ ಚುಚ್ಚಬಾರದು. ಕರಾವಳಿಯವರು ಚೆಂಡೆ ಹಾಕಿ ನೋಡಿ. ಸ್ಪೀಕರ್ ಎಲ್ಲಿ ಸೋಲುತ್ತದೆ ಅಂತ ಅಷ್ಟು ಬೇಗ ಹೇಳುವ ವಾದ್ಯ ಇನ್ನೊಂದಿಲ್ಲ.

ಅರವತ್ತರ ದಶಕದ ಚಿತ್ರಗೀತೆಗಳು ಮೋನೊ, ಅಂದರೆ ಎಡ ಬಲ ಎರಡಕ್ಕೂ ಒಂದೇ ಶಬ್ದ. ಅಂಥದ್ದೊಂದನ್ನು ಹಾಕಿ ಮಧ್ಯೆ ಕುಳಿತರೆ ಗಾಯಕರು ಎರಡು ಸ್ಪೀಕರ್‌ಗಳ ನಟ್ಟನಡುವೆ ನಿಂತಂತೆ ಕೇಳಬೇಕು. ದನಿ ಅತ್ತಿತ್ತ ಹರಡಿದ್ದರೆ ಜೋಡಿ ಸರಿಹೊಂದಿಲ್ಲ, ಇಲ್ಲವೇ ತಂತಿ ಅದಲುಬದಲಾಗಿದೆ.

ಎರಡು ಜೊತೆ ಹೋಲಿಸುವಾಗ ಜೋರು ಸಮ ಇರಬೇಕು. ಒಂದು ಡೆಸಿಬೆಲ್ ಹೆಚ್ಚಿದ್ದರೂ ಕಿವಿ ಅದನ್ನೇ "ಚೆನ್ನಾಗಿದೆ" ಅನ್ನುತ್ತದೆ. ನೀವು ಕೂತ ಜಾಗದಲ್ಲಿ ಫೋನಿನ ಆ್ಯಪ್ ಇಟ್ಟು ಎರಡನ್ನೂ ಒಂದೇ ಮಟ್ಟಕ್ಕೆ ತನ್ನಿ. ಬೇಸ್, ಟ್ರೆಬಲ್ ಗುಂಡಿ ನಡುವೆ ಇರಲಿ. ಒಂದೊಂದು ಜೊತೆಗೂ ಅರ್ಧ ಗಂಟೆಯಾದರೂ ಕೊಡಿ. ಮೊದಲ ಐದು ನಿಮಿಷದಲ್ಲಿ ಬೆರಗು ಹುಟ್ಟಿಸುವ ಸ್ಪೀಕರ್ ಬಗ್ಗೆ ನನಗೆ ಸ್ವಲ್ಪ ಅನುಮಾನವೇ. ಸಾಧ್ಯವಿದ್ದರೆ ಮನೆಗೆ ತಂದು ಒಂದೆರಡು ದಿನ ಕೇಳಲು ಕೊಡುತ್ತಾರಾ ವಿಚಾರಿಸಿ. ಕೆಲವು ಅಂಗಡಿಯವರು ಡಿಪಾಸಿಟ್ ಇಟ್ಟುಕೊಂಡು ಕೊಡುತ್ತಾರೆ.

6. ಸೆಕೆಂಡ್ ಹ್ಯಾಂಡ್ ಆದರೆ

ಒಳ್ಳೆ ಪ್ಯಾಸಿವ್ ಸ್ಪೀಕರ್ ಸೆಕೆಂಡ್ ಹ್ಯಾಂಡ್ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಹೋಗುವಾಗ ಮಲ್ಟಿಮೀಟರ್, 1.5 ವೋಲ್ಟಿನ ಒಂದು ಸೆಲ್, ಒಂದು ಹಾಳೆ ನ್ಯೂಸ್‌ಪೇಪರ್ ಇರಲಿ.

ಕೋನಿನ ಎರಡೂ ಬದಿಗೆ ಸಮವಾಗಿ ಬೆರಳಿಟ್ಟು ಮೆಲ್ಲಗೆ ಒತ್ತಿ. ಕರಕರ ಅಂದರೆ ಒಳಗಿನ ಕಾಯಿಲ್ (ತಾಮ್ರದ ಸುರುಳಿ) ಉಜ್ಜುತ್ತಿದೆ, ಎದ್ದು ಬನ್ನಿ. ಮಲ್ಟಿಮೀಟರನ್ನು ಬೆನ್ನಿನ ತಿರುಪುಗಳಿಗೆ ಹಿಡಿದರೆ 8 ಓಮ್ ಸ್ಪೀಕರ್ 5.5ರಿಂದ 7ರೊಳಗೆ ತೋರಿಸಬೇಕು. ಎರಡೂ ಸ್ಪೀಕರ್ ಹೆಚ್ಚು ಕಮ್ಮಿ ಒಂದೇ ತೋರಿಸಬೇಕು. ಇದು ವೂಫರ್‌ನ ಪರೀಕ್ಷೆ ಮಾತ್ರ. ಟ್ವೀಟರ್ ದಾರಿಯಲ್ಲಿ ಕೆಪಾಸಿಟರ್ ಅಡ್ಡ ಇರುವುದರಿಂದ ಮೀಟರಿಗೆ ಅದು ಕಾಣುವುದಿಲ್ಲ. ಅದಕ್ಕೆ ನ್ಯೂಸ್‌ಪೇಪರ್: ಕೊಳವೆ ಮಾಡಿ ಒಂದು ತುದಿ ಟ್ವೀಟರ್ ಮುಂದೆ, ಇನ್ನೊಂದು ಕಿವಿಗೆ. ಮೆಲ್ಲಗೆ ಹಾಡು ಹಾಕಿಸಿ. ಎರಡೂ ಕಡೆ ಅಷ್ಟೇ ತೆಳುವಾಗಿ, ಅಷ್ಟೇ ಸ್ಪಷ್ಟವಾಗಿ ಕೇಳಬೇಕು. ಸೆಲ್ಲಿನ ಪ್ಲಸ್ ಅನ್ನು ಕೆಂಪು ತಿರುಪಿಗೆ, ಮೈನಸ್ ಅನ್ನು ಕಪ್ಪಿಗೆ ಒಂದು ಕ್ಷಣ ತಾಗಿಸಿದರೆ ವೂಫರ್ ಟಪ್ ಅಂತ ಮುಂದೆ ಬರಬೇಕು. ಒಂದು ಮುಂದೆ, ಇನ್ನೊಂದು ಹಿಂದೆ ಹೋದರೆ ಯಾರೋ ಬಿಚ್ಚಿ ತಂತಿ ತಿರುಗಿಸಿ ಹಾಕಿದ್ದಾರೆ. ಇಪ್ಪತ್ತು ವರ್ಷ ದಾಟಿದ ಸ್ಪೀಕರ್ ಆದರೆ ಕ್ರಾಸ್‌ಓವರ್‌ನ (ದನಿಯನ್ನು ವೂಫರ್‌ಗೂ ಟ್ವೀಟರ್‌ಗೂ ಹಂಚುವ ಸರ್ಕ್ಯೂಟ್) ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬದಲಾಯಿಸುವ ಖರ್ಚನ್ನೂ ಸೇರಿಸಿ ಬೆಲೆ ಮಾತಾಡಿ.

7. ಆಂಪ್ಲಿಫೈಯರ್, ತಂತಿ

ಒಟ್ಟು ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಪೀಕರ್‌ಗೆ ಹೋಗಲಿ. ಉಳಿಯುವುದು ಅದು.

"ಕಮ್ಮಿ ವಾಟ್ ಆಂಪ್ಲಿಫೈಯರ್ ಹಾಕಿದ್ರೆ ಸ್ಪೀಕರ್ ಸೇಫ್" ಅನ್ನುವ ನಂಬಿಕೆ ಎಲ್ಲೆಲ್ಲೂ ಇದೆ, ತಪ್ಪು. ಸಣ್ಣ ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ತಿರುಗಿಸಿದಾಗ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಅಂತಾರೆ. ಆಗ ಟ್ವೀಟರ್‌ಗೆ ಹೋಗುವ ಶಕ್ತಿ ಹೆಚ್ಚಾಗಿ ಅದು ಸುಡುತ್ತದೆ. ದನಿ ಒಡೆದ ಹಾಗೆ ಕೇಳಿದ ಕೂಡಲೇ ವಾಲ್ಯೂಮ್ ಇಳಿಸಿ. ಮನೆಯಲ್ಲಿ ಮಾಮೂಲಿಯಾಗಿ ಕೇಳುವಾಗ ಸರಾಸರಿ ಒಂದೆರಡು ವಾಟ್ ಕೂಡ ಖರ್ಚಾಗುವುದಿಲ್ಲ. ಆದರೂ ಚೆಂಡೆ ಪೆಟ್ಟಿನಂಥ ಏರಿಕೆಗೆ ಮೀಸಲು ಬೇಕು, 40-60 ವಾಟ್ ಇದ್ದರೆ ನೆಮ್ಮದಿ.

ತಂತಿಗೆ ಸುಮ್ನೆ ಸಾವಿರಾರು ಸುರಿಯಬೇಡಿ. 1.5 ಅಥವಾ 2.5 ಚದರ ಮಿಲಿಮೀಟರ್‌ನ ಅಪ್ಪಟ ತಾಮ್ರದ ಎರಡೆಳೆ ವೈರ್ ಐದು ಮೀಟರ್ ದೂರಕ್ಕೆ ಸಾಕು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ವೈರ್ ಅಗ್ಗಕ್ಕೆ ಮಾರುತ್ತಾರೆ, ಅದು ಬೇಡ.

8. ಮನೆಗೆ ಬಂದ ಮೇಲೆ

ಎರಡು ಸ್ಪೀಕರ್, ನೀವು: ಮೂರೂ ಸಮ ತ್ರಿಕೋನದ ಮೂಲೆಗಳು. ಟ್ವೀಟರ್ ಕೂತಾಗಿನ ಕಿವಿಯ ಎತ್ತರಕ್ಕೆ ಬರಲಿ. ಹೆಚ್ಚಿನ ಸೋಫಾಗಳಿಗೆ ಎರಡಡಿ ಸ್ಟ್ಯಾಂಡ್ ಸರಿಹೋಗುತ್ತದೆ. ಹಿಂದಿನ ಗೋಡೆಯಿಂದ ಒಂದಡಿಯಿಂದ ಶುರು ಮಾಡಿ, ನಾಲ್ಕು ನಾಲ್ಕು ಇಂಚು ಸರಿಸುತ್ತಾ ಕೇಳಿ. ಮೂಲೆಗೆ ತಳ್ಳಬೇಡಿ. ಕೆಂಪು ತಿರುಪಿಗೆ ಕೆಂಪು, ಕಪ್ಪಿಗೆ ಕಪ್ಪು, ಎರಡೂ ಕಡೆ. ಒಂದು ಕಡೆ ತಿರುಗಿ ಹೋದರೆ ಬೇಸ್ ಮಾಯವಾಗುತ್ತದೆ.

ಖಾಲಿ ಹಾಲ್‌ನಲ್ಲಿ ಒಂದು ಚಪ್ಪಾಳೆ ಹೊಡೆಯಿರಿ. ಟರ್ರ್ ಅಂತ ಹಿಂದೆಯೇ ಮರುದನಿ ಬಂದರೆ ಸ್ಪೀಕರ್ ಬದಲಾಯಿಸುವ ಮುಂಚೆ ನೆಲಕ್ಕೆ ದಪ್ಪ ಜಮಖಾನೆ, ಕಿಟಕಿಗೆ ದಪ್ಪ ಪರದೆ, ಒಂದು ಗೋಡೆಗೆ ಪುಸ್ತಕದ ಕಪಾಟು ಹಾಕಿ ನೋಡಿ.

9. ಬಾಳಿಕೆಯ ಕೆಲಸ

ಟವರ್ ಸ್ಪೀಕರ್ ಇರುವ ಮನೆಯಲ್ಲಿ ದಿನಾ ನೆಲ ಒರೆಸುವ ಒದ್ದೆ ಮಾಪ್ ದೊಡ್ಡ ಶತ್ರು. ಪೆಟ್ಟಿಗೆಯ ಬುಡಕ್ಕೆ ನೀರು ಏರಿ ಎಂಡಿಎಫ್ ಬಿಸ್ಕತ್ತಿನ ಹಾಗೆ ಉಬ್ಬುತ್ತದೆ. ಕೆಳಗೆ ಒಂದೂವರೆ ಇಂಚಿನ ಗ್ರಾನೈಟ್ ತುಂಡು ಹಾಕಿ, ಕೆಲಸಕ್ಕೆ ಬರುವವರಿಗೂ ಹೇಳಿಡಿ.

ಪೋರ್ಟಿನ ರಂಧ್ರದಲ್ಲಿ ಕಣಜ ಮಣ್ಣಿನ ಗೂಡು ಕಟ್ಟುತ್ತದೆ, ಹಲ್ಲಿ ಮನೆ ಮಾಡುತ್ತದೆ. ತಿಂಗಳುಗಟ್ಟಲೆ ಊರಿಗೆ ಹೋಗುವಾಗ ಬಟ್ಟೆ ತುರುಕಿ, ಬಂದ ಮೇಲೆ ತೆಗೆಯಿರಿ. ಮಕ್ಕಳಿರುವ ಮನೆಯಲ್ಲಿ ಮುಂದಿನ ಬಲೆ ಯಾವಾಗಲೂ ಇರಲಿ. ಟ್ವೀಟರ್‌ನ ಗುಮ್ಮಟ ಒತ್ತಿ ನೋಡುವ ಆಸೆಯನ್ನು ಯಾವ ಮಗುವೂ ತಡೆದುಕೊಳ್ಳುವುದಿಲ್ಲ.

ಬಿಸಿಲು ನೇರ ಬೀಳುವ ಕಿಟಕಿ ಪಕ್ಕ ಬೇಡ. ಮಳೆಗಾಲದಲ್ಲಿ ವಾರಕ್ಕೆ ಒಂದೆರಡು ಸಲವಾದರೂ ಹಾಡು ಹಾಕಿ, ಕೋಣೆಯ ಕಿಟಕಿ ತೆರೆದು ಗಾಳಿಯಾಡಿಸಿ. ಕೋನಿನ ಮೇಲೆ ಬೂಷ್ಟು ಕಂಡರೆ ಒಣ ಮೆದು ಬ್ರಷ್ಷಿನಿಂದ ತೆಗೆಯಿರಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ. ಸಿಡಿಲು ಗುಡುಗು ಶುರುವಾದರೆ ಆಂಪ್ಲಿಫೈಯರ್ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಆಂಪ್ಲಿಫೈಯರ್‌ನಿಂದ ಸದಾ ಗುಂಯ್ ಅನ್ನುವ ಸದ್ದು ಬರುತ್ತಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಆ ಪ್ಲಗ್‌ನ ಅರ್ಥಿಂಗ್ ಸರಿಯಿದೆಯಾ ನೋಡಿಸಿ.

ವೂಫರ್, ಟ್ವೀಟರ್‌ಗಳ ಪಾರ್ಟ್ ನಂಬರ್ ಗೊತ್ತಿದ್ದರೆ ಬಿಲ್ಲಿನ ಹಿಂದೆಯೇ ಬರೆದು, ಬಿಲ್ಲಿನ ಫೋಟೋ ತೆಗೆದಿಡಿ. ಥರ್ಮಲ್ ಕಾಗದದ ಬಿಲ್ಲು ಕೆಲವೇ ವರ್ಷಕ್ಕೆ ಬಿಳಿ ಹಾಳೆಯಾಗುತ್ತದೆ. ಸ್ಪೀಕರ್ ಬಂದ ರಟ್ಟಿನ ಡಬ್ಬ, ಒಳಗಿನ ಥರ್ಮಾಕೋಲ್ ಎರಡನ್ನೂ ಅಟ್ಟಕ್ಕೆ ಹಾಕಿ. ಬಾಡಿಗೆ ಮನೆಯವರು ಇದನ್ನು ಖಂಡಿತ ಎಸೆಯಬೇಡಿ, ಮನೆ ಖಾಲಿ ಮಾಡುವಾಗ ಬೇಕಾಗುತ್ತದೆ.